ಮರಳಮ್ಮನ ಬೆನ್ನಿನ ಮರಿಗಳು

ಭೂಪಟದಲ್ಲಿಲ್ಲದ ಒಂದು ಮರುಭೂಮಿಯಲ್ಲಿ ಎಮ್ಮೆಯಷ್ಟು ದೊಡ್ಡ ಚೇಳುಗಳಿದ್ದವು. ಅಲ್ಲಿ ಒಂಟೆ ಸಾಕಿಕೊಂಡಿದ್ದ ಜನ ಅಂಥ ಚೇಳನ್ನು ಮರಳಮ್ಮ ಎಂದು ಕರೆಯುತ್ತಿದ್ದರು. ಹಗಲೆಲ್ಲ ಅದು ಮರಳಿನ ಅಡಿಯಲ್ಲಿ ತಂಪಾಗಿ ಮಲಗಿರುತ್ತಿತ್ತು. ಸಂಜೆ ಚಂದ್ರ ಮೂಡಿದ ಮೇಲೆ ಹೊರಗೆ ಬಂದರೆ ಅದರ ಮೈ ತಿಳಿಹಸಿರಾಗಿ ಹೊಳೆಯುತ್ತಿತ್ತು. ದೀಪ ಹಚ್ಚಿದ ಮನೆಯೊಂದು ಎದ್ದು ಮೆಲ್ಲಗೆ ನಡೆದುಹೋದಂತೆ ಕಾಣುತ್ತಿತ್ತು.

ಮರಳಮ್ಮನಿಗೆ ಕಣ್ಣು ಮಂದ. ಕಿವಿಯಂತೂ ಇಲ್ಲವೇ ಇಲ್ಲ. ಅದು ಕೇಳುತ್ತಿದ್ದುದು ಕಾಲುಗಳಿಂದ. ದೂರದಲ್ಲಿ ಒಂದು ಓತಿಕ್ಯಾತ ಓಡಿದರೂ ಮರಳಿನ ನಡುಕ ಅದಕ್ಕೆ ತಿಳಿಯುತ್ತಿತ್ತು. ಆದರೆ ಹಗುರವಾದ ಹೆಜ್ಜೆಗೆ ಅದು ಏಳುತ್ತಿರಲಿಲ್ಲ. ಒಮ್ಮೆ ಹೊಟ್ಟೆ ತುಂಬಿದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಪ್ರಾಣಿ ಅದು. ವಿಷವನ್ನು ವೃಥಾ ಖರ್ಚು ಮಾಡುತ್ತಿರಲಿಲ್ಲ. ಭಾರವಾದ ಹೆಜ್ಜೆ ಬಿದ್ದಾಗ ಮಾತ್ರ, ತಕ್ಕ ಬೇಟೆ ಬಂತೆಂದು ಮೇಲೇಳುತ್ತಿತ್ತು.

ಆ ವರ್ಷ ಮೇವು ಮುಗಿಯಿತು. ಜನ ಬೇರೆ ಕಡೆಗೆ ಹೊರಟರು. ಗಂಡಸರು ಒಂಟೆಗಳನ್ನು ಬಂಡೆಗಳ ಸುತ್ತುದಾರಿಯಲ್ಲಿ ಹೊಡೆದುಕೊಂಡು ಹೋದರು. ಆ ದಾರಿಯಲ್ಲಿ ನೀರಿಲ್ಲ, ಮಕ್ಕಳು ತಾಳುವುದಿಲ್ಲ. ಆದ್ದರಿಂದ ಹೆಂಗಸರು, ಮಕ್ಕಳು ಮರಳಮ್ಮನ ಬಯಲನ್ನೇ ದಾಟಬೇಕು. ಅದಕ್ಕೊಂದು ಪದ್ಧತಿ ಇತ್ತು. ಬರಿಗಾಲಲ್ಲಿ, ಒಬ್ಬರಿಂದೊಬ್ಬರು ದೂರವಾಗಿ, ಮೆತ್ತಗೆ ನಡೆಯಬೇಕು. ಹಾಲು ಕುಡಿಯುವ ಕೂಸನ್ನು ಹೊರಬಹುದು. ನಡೆಯಬಲ್ಲ ಮಗುವನ್ನು ಹೊರುವಂತಿಲ್ಲ.

ಜಮಕು ಎಂಬವಳಿಗೆ ಈ ಪದ್ಧತಿ ಹಿಡಿಸಲಿಲ್ಲ. ಅವಳ ಮಗಳು ಸುಗನಿ ಹುಟ್ಟಿದಾಗ ಅಂಗೈಯಷ್ಟೇ ಇದ್ದಳು. ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಜಮಕು ಬಿಡಲಿಲ್ಲ. ಆಗ ಬೆನ್ನಿಗೆ ಕಟ್ಟಿಕೊಂಡ ಮಗಳಿಗೆ ಈಗ ಏಳು ತುಂಬಿತ್ತು; ಎಲ್ಲಿಗೆ ಹೊರಟರೂ ಅವಳಿಗೆ ಅಮ್ಮನ ಬೆನ್ನೇ.

"ಅವಳನ್ನು ಇಳಿಸಿ ನಡೆಸು," ಎಂದಳು ಅತ್ತೆ ಧಾಪು. "ಹೀಗೇ ಬಿಟ್ಟರೆ ಮದುವೆ ಚಪ್ಪರಕ್ಕೂ ನೀನೇ ಹೊತ್ತುಕೊಂಡು ಹೋಗುತ್ತೀಯ."

"ಹೋಗಲಿ ಬಿಡಿ ಅತ್ತೆ, ಗಂಡಿನ ಕಡೆಯವರಿಗೆ ಒಂದು ಒಂಟೆ ಉಳಿಯುತ್ತದೆ."

"ತಮಾಷೆಯಲ್ಲ ಕಣೇ. ಇದು ಮರಳಮ್ಮನ ಬಯಲು."

"ನಾಲ್ಕು ಕಾಲಿಗಿಂತ ಎರಡು ಕಾಲಿನ ಸದ್ದು ಕಡಿಮೆಯಲ್ಲವೇ?"

"ಅದು ಕಾಲು ಎಣಿಸುವುದಿಲ್ಲ. ಭಾರ ನೋಡುತ್ತದೆ."

ಜಮಕು ಒಪ್ಪಿದವಳಂತೆ ತಲೆಯಾಡಿಸಿದಳು. ಎಲ್ಲರೂ ಒಬ್ಬೊಬ್ಬರಾಗಿ ದಾಟಿದರು, ಧಾಪುವೂ ಹೋದಳು. ಜಮಕು ಕೊನೆಯವಳಾಗಿ ಉಳಿದು, ಮಗಳನ್ನು ಎತ್ತಿ ಬೆನ್ನಿಗೆ ಹಾಕಿಕೊಂಡಳು.

"ಅಮ್ಮ, ಅಜ್ಜಿ ಬೇಡ ಅಂದರಲ್ಲ?"

"ಅಜ್ಜಿಗೆ ಬೆನ್ನ ಹಿಂದೆ ಕಣ್ಣಿಲ್ಲ. ಸುಮ್ಮನಿರು."

ಬೆಳದಿಂಗಳು ಆಗಷ್ಟೇ ಬಯಲಿಗೆ ಇಳಿಯುತ್ತಿತ್ತು. ಮರಳು ಹಾಲಿನ ಕೆನೆಯಂತೆ ಬೆಳ್ಳಗಿತ್ತು. ನಡುದಾರಿಯಲ್ಲಿ ಆ ಕೆನೆ ಮೆಲ್ಲಗೆ ಉಬ್ಬಿತು. ಸದ್ದೇ ಇಲ್ಲದೆ ಹಸಿರು ಬೆಳಕೊಂದು ಮೇಲೆದ್ದು ಬಂದು ಎದುರಿಗೆ ನಿಂತಿತು. ಕೊಂಡಿ ಎತ್ತಿದ ಬಾಲ ಚಂದ್ರನಿಗೆ ಅಡ್ಡವಾಯಿತು.

ಜಮಕು ಕಲ್ಲಿನಂತೆ ನಿಂತಳು. ಮರಳಿನಲ್ಲಿ ನಡುಕ ನಿಂತದ್ದರಿಂದ ಚೇಳೂ ನಿಂತಿತು.

ಅದರ ಬೆನ್ನ ತುಂಬ ಮರಿಗಳಿದ್ದವು. ಹುಟ್ಟಿದಂದಿನಿಂದ ಅಲ್ಲೇ ಇದ್ದು, ಮೊದಲ ಪೊರೆ ಕಳಚಿದ ಮರಿಗಳು ಅವು. ಕಳಚಿದ ಪೊರೆಗಳು ಮಲ್ಲಿಗೆಯ ಎಸಳಿನಂತೆ ಉದುರುತ್ತಿದ್ದವು. ಚೇಳು ಮುಂಗಾಲು ಮಡಿಸಿ ಮೈಯನ್ನು ಮರಳಿಗೆ ತಾಗಿಸಿತು. ಮರಿಗಳು ಒಂದರ ಹಿಂದೊಂದು ಇಳಿದು, ತಮ್ಮ ತಮ್ಮ ದಾರಿ ಹಿಡಿದವು. ಒಂದು ಮರಿ ಮಾತ್ರ ಇಳಿಯಲಿಲ್ಲ, ಬೆನ್ನಿಗೆ ಅಂಟಿಕೊಂಡಿತು. ತಾಯಿ ಕಾದಿತು. ಆಮೇಲೆ ಮೈ ಕೊಡವಿತು. ಮರಿ ಮರಳಿಗೆ ಬಿತ್ತು, ಸುತ್ತ ತಿರುಗಿತು, ಮರುಕ್ಷಣ ತನ್ನದೇ ಸಣ್ಣ ಕೊಂಡಿಯನ್ನು ಎತ್ತಿ ಹೊರಟಿತು.

"ಅಮ್ಮ," ಸುಗನಿ ಕಿವಿಯಲ್ಲಿ ಪಿಸುಗುಟ್ಟಿದಳು, "ನಾನೂ ಇಳಿಯುತ್ತೇನೆ."

ಜಮಕುವಿಗೆ ಕೈ ಸಡಿಲಿಸುವುದು ಸುಲಭವಾಗಲಿಲ್ಲ. ಹೊತ್ತುಕೊಂಡೇ ಹೆಜ್ಜೆ ಇಟ್ಟರೆ ಇಬ್ಬರೂ ಉಳಿಯುವುದಿಲ್ಲ. ಇಳಿಸಿದರೆ ಮಗಳು ಒಬ್ಬಳೇ ನಡೆಯಬೇಕು. ಅವಳು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಮಂಡಿಯೂರಿದಳು. ಸುಗನಿ ಜಾರಿ ಇಳಿದಳು. ಮೊದಲು ಕಾಲ್ಬೆರಳು, ಆಮೇಲೆ ಪಾದ. ಎಲೆ ಬಿದ್ದಷ್ಟೇ ಸದ್ದು. ಚೇಳಿನ ಪಕ್ಕದಲ್ಲೇ ಹಾದುಹೋದಳು, ಅದು ಕದಲಲಿಲ್ಲ.

ಈಗ ಜಮಕುವಿನ ಸರದಿ. ಏಳು ವರ್ಷ ಭಾರ ಹೊತ್ತು ನಡೆದವಳಿಗೆ ಖಾಲಿ ಬೆನ್ನಿನಲ್ಲಿ ನಡೆಯುವುದೇ ಮರೆತುಹೋಗಿತ್ತು. ಮೊದಲ ಹೆಜ್ಜೆ ಧೊಪ್ಪೆಂದು ಬಿತ್ತು. ಚೇಳು ಸರಕ್ಕನೆ ಅವಳತ್ತ ತಿರುಗಿತು.

"ಅಷ್ಟು ಜೋರಾಗಿ ತುಳಿಯಬೇಡ ಅಮ್ಮ," ಎಂದಳು ಸುಗನಿ ಅತ್ತ ಕಡೆಯಿಂದ, ಅಜ್ಜಿಯದೇ ದನಿಯಲ್ಲಿ. "ಬೆರಳು ಮೊದಲು. ಹಿಮ್ಮಡಿ ಆಮೇಲೆ. ನನ್ನನ್ನು ನೋಡು."

ಜಮಕು ಮಗಳನ್ನು ನೋಡುತ್ತ ಬೆರಳೂರಿದಳು, ಆಮೇಲೆ ಹಿಮ್ಮಡಿ. ಮರಳು ಸುಮ್ಮನಿತ್ತು. ಚೇಳಿನ ಬಾಲ ನಿಧಾನವಾಗಿ ಕೆಳಗಿಳಿಯಿತು. ಮಗಳು ಮುಂದೆ, ತಾಯಿ ಹಿಂದೆ, ಇಬ್ಬರೂ ಬಯಲು ದಾಟಿದರು.

ಧಾಪು ಬಯಲಿನಾಚೆಯ ಬಾವಿಯ ಬಳಿ ಕಾದಿದ್ದಳು. "ಯಾರು ಯಾರನ್ನು ದಾಟಿಸಿದಿರಿ?" ಎಂದಳು.

ಸುಗನಿ ತಾನೇ ನೀರು ಸೇದಿ ತಂದು, ಮೊದಲು ಅಮ್ಮನಿಗೆ ಕುಡಿಸಿದಳು.

ನೀತಿ: ನಡೆಯಲಾರದ ಮಗುವನ್ನು ಹೊರುವುದು ಪ್ರೀತಿ. ನಡೆಯಬಲ್ಲ ಮಗುವನ್ನು ಸಕಾಲದಲ್ಲಿ ಕೆಳಗಿಳಿಸುವುದು ಅದಕ್ಕಿಂತ ಕಷ್ಟದ ಪ್ರೀತಿ. ಇಳಿಸಲು ಹೆದರುವ ತಾಯಿ ಮಗುವಿಗೂ ತನಗೂ ಅಪಾಯ ತರುತ್ತಾಳೆ.