ಎದ್ದ ಮೇಲೆ ಉಳಿಯದ ಪೀಠ

ಕಗ್ಗಲ್ಲುಕೋಟೆಯ ರಾಣಿ ತೀರಿಕೊಂಡ ಮರುವರ್ಷ, ಜೋಳದ ಸುಗ್ಗಿ ಮುಗಿದ ವಾರ, ಅರಮನೆಯಿಂದ ಡಂಗುರ ಹೊರಟಿತು.

"ಕೇಳ್ರಪ್ಪೋ ಕೇಳ್ರಿ! ಅರಸುಕುಮಾರಿ ಚಾಗಲದೇವಿಯವರು ವರ್ಷದಿಂದ ಕೂತಿಲ್ಲ. ಅವರು ಕೇಳುವ ಮೂರು ಒಗಟು ಬಿಡಿಸಿ ಅವರನ್ನು ಕೂರಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನು ಅಂದು ಸಂಜೆ ರಾಣಿಯವರ ಪೀಠದಲ್ಲಿ ಕೂರಬೇಕು!"

ಕೊನೆಯ ಮಾತಿಗೆ ಸಂತೆಯೇ ತಣ್ಣಗಾಯಿತು. ರಾಣಿ ಸತ್ತ ದಿನ ಅರಸ ಅವಳ ಪೀಠವನ್ನು ಎತ್ತಿಡಲು ಬಿಟ್ಟಿರಲಿಲ್ಲ. ದಿಂಬು ತಟ್ಟಿ, ಹೂವಿಟ್ಟು, ಹಾಗೇ ಇರಲಿ ಎಂದಿದ್ದ. ಮೂರನೆಯ ದಿನ ದಿಂಬು ತಾನಾಗಿ ತಗ್ಗಿತು. ಆಮೇಲೆ ಅರಮನೆಯಲ್ಲಿ ಯಾವ ಪೀಠ ಖಾಲಿ ಬಿಟ್ಟರೂ ಅದರ ದಿಂಬು ತಗ್ಗತೊಡಗಿತು. ತಿಳಿಯದೆ ಕೂತವರ ತೊಡೆಗೆ ತಣ್ಣನೆಯದೇನೋ ತಾಗುತ್ತಿತ್ತು. ಚಾಗಲದೇವಿ ಕೋಣೆಯಿಂದ ಕೋಣೆಗೆ ಓಡಿ, ಕೊನೆಗೆ ಬುರುಜಿನ ತುದಿಯ ಗೂಡು ಸೇರಿದಳು. ಅಲ್ಲಿ ಚಕ್ಕಳಮಕ್ಕಳ ಹಾಕಲೂ ಜಾಗವಿಲ್ಲ. ಪೀಠ ಇಟ್ಟರೆ ಬಾಗಿಲು ತೆರೆಯದು. ಗೋಡೆಗೆ ಒರಗಿ ನಿಂತೇ ನಿದ್ದೆ.

ಇನ್ನು ಸಂಜೆ ರಾಣಿಯ ಪೀಠದಲ್ಲಿ ಕೂತವರು ಬೆಳಗಿಗೆ ಇರುತ್ತಿರಲಿಲ್ಲ. ಅವರ ಚಪ್ಪಲಿ ಮಾತ್ರ ಇರುತ್ತಿತ್ತು.

ತೊಗಲುಗೊಂಬೆ ಆಡಿಸುವ ದುರುಗ ಎತ್ತಿನ ಗಾಡಿಯಲ್ಲೇ ಹುಟ್ಟಿ ಬೆಳೆದವನು. ಆ ಗಾಡಿಯಲ್ಲೇ ಗೊಂಬೆಯ ಪೆಟ್ಟಿಗೆ, ಅಡುಗೆಯ ಸಾಮಾನು, ಅವನು, ಅಜ್ಜಿ ಪಾರವ್ವ. ಅಜ್ಜಿ ಕಾಲು ಚಾಚಿ ಮಲಗಿದ್ದು ಯಾವ ಕಾಲದಲ್ಲೋ. ಅವಳ ಮೊಣಕಾಲು ಮಡಿಸಿದಂತೆಯೇ ಗಟ್ಟಿಯಾಗುತ್ತಿತ್ತು.

"ಹೋಗಿ ಬರ್ತೀನಿ, ಅಜ್ಜಿ."

"ಅರ್ಧ ರಾಜ್ಯ ತಂದು ಎಲ್ಲಿ ಇಡ್ತೀಯೋ? ಗಾಡಿಯಾಗ ಜಾಗ ಇಲ್ಲ."

"ರಾಜ್ಯ ಬ್ಯಾಡ. ನೀ ಕಾಲು ಚಾಚೋವಷ್ಟು ಒಂದು ಕೋಣಿ ಕೇಳ್ತೀನಿ."

ಪಾರವ್ವ ನಗಲಿಲ್ಲ. "ನನ್ನ ಕಾಲು ಹಿಂಗ ಇರಲಿ. ನೀ ತಿರುಗಿ ಬಾ, ಅಷ್ಟ ಸಾಕು."

ಪರದೆ ಕಟ್ಟುವ ಬಿದಿರು, ಹೊಸ ಗೊಂಬೆಗೆಂದು ಹದ ಮಾಡಿದ್ದ ಆಡಿನ ತೊಗಲು, ದಾರ, ಚೂರಿ, ಅವಳನ್ನು ಕೂರಿಸಲು ಏನಾದರೂ ಮಾಡಬೇಕಾದೀತೆಂದು ಇಷ್ಟನ್ನು ಹೆಗಲಿಗೇರಿಸಿ ದುರುಗ ಬುರುಜಿನ ಮೆಟ್ಟಿಲು ಹತ್ತಿದ. ಅವನ ಮುಂದೆ ಇಬ್ಬರಿದ್ದರು. ಮುಚ್ಚಿದ ಬಾಗಿಲಿನ ಹಿಂದಿನಿಂದ ದಣಿದ ದನಿ ಬಂತು.

"ನಾನು ಮೊಟ್ಟಮೊದಲು ಕೂತ ಪೀಠಕ್ಕೆ ಎರಡೇ ಕಾಲು. ಅದು ಎದ್ದು ನಿಂತರೆ ಪೀಠವೇ ಇಲ್ಲ. ಯಾವುದು?"

ಆಸ್ಥಾನದ ಶಾಸ್ತ್ರಿ ಗಂಟಲು ಸರಿಮಾಡಿಕೊಂಡ. "ಹಂಸ, ದೇವಿ! ಬ್ರಹ್ಮನ ವಾಹನ. ಕಾಲು ಎರಡೇ."

"ಹಂಸ ನಿಂತರೂ ಬೆನ್ನಿರುತ್ತದಲ್ಲ, ಶಾಸ್ತ್ರಿಗಳೇ. ಅದರ ಮೇಲೆ ನಾನು ಕೂತದ್ದಾದರೂ ಯಾವಾಗ?"

ಕಾವಲಿನವರು ಶಾಸ್ತ್ರಿಯನ್ನು ಕೆಳಗೆ ಕರೆದೊಯ್ದರು. ಎರಡನೆಯವನು ನೆರೆರಾಜ್ಯದ ಅರಸುಮಗ.

"ಹೆಗಲು! ನಾನು ಆಳುಗಳ ಹೆಗಲ ಮೇಲೇ ಬೆಳೆದವನು."

"ಆಳು ಎದ್ದರೆ ಹೆಗಲು ಇನ್ನೂ ಎತ್ತರವಾಗುತ್ತದೆ. ಇಲ್ಲವಾಗುವುದಿಲ್ಲ."

ಅರಸುಮಗನ ಕೂಗು ಸುತ್ತುಮೆಟ್ಟಿಲುಗಳಲ್ಲಿ ಬಹಳ ಹೊತ್ತು ಇಳಿಯಿತು. ಕಿಂಡಿಯ ಬಿಸಿಲು ಆಗಲೇ ಕೆಂಪಾಗಿತ್ತು.

"ತಾಯಿ ಮಡಿಲು, ದೊರೆಸಾನಿ," ಎಂದ ದುರುಗ. "ಕೂತರ ಐತಿ, ಎದ್ದರ ಇಲ್ಲ."

"ಹೌದು," ಎಂದಿತು ಒಳಗಿನ ದನಿ. ಎರಡನೆಯ ಒಗಟು ಬಂತು. "ಕಾಲಿಗೆ ಕಾಲು ಅಡ್ಡ ಬಂದರೆ ಮನುಷ್ಯ ಬೀಳುತ್ತಾನೆ. ಕಾಲಿಗೆ ಕಾಲು ಅಡ್ಡ ಬಂದ ಮೇಲೇ ನಿಲ್ಲುವುದು ಯಾವುದು?"

"ಮಾಡೇ ತೋರಸ್ತೀನ್ರಿ."

ಅವನು ಬಿದಿರು ಕತ್ತರಿಸಿ ಜೋಡಿ ಜೋಡಿಯಾಗಿ ಅಡ್ಡಲಾಗಿ ಇಟ್ಟ. ಗೊಂಬೆಯ ಮೊಣಕಾಲಿಗೆ ಹಾಕುವ ಗಂಟನ್ನೇ ನಡುವೆ ಹಾಕಿದ. ಗಂಟು ಬಿಗಿಯಾದಾಗ ಕಾಲು ಮಡಿಸಲು ಬರಲಿಲ್ಲ. ಸಡಿಲ ಮಾಡಿದಾಗ ಕಾಲುಗಳು ಜಾರಿ ನೆಲಕ್ಕೆ ಮಲಗಿದವು. ಗಂಟನ್ನು ಸಡಿಲವಾಗಿಯೇ ಬಿಟ್ಟು, ಮೇಲಿನ ತುದಿಗಳಿಗೆ ತೊಗಲು ಬಿಗಿದ. ಈಗ ತೊಗಲಿನ ಅಗಲಕ್ಕಿಂತ ಹೆಚ್ಚು ಕಾಲು ಅಗಲಲಾರದು. ಬೆನ್ನಿಗೆ ಏನೂ ಕಟ್ಟಲಿಲ್ಲ. ಒರಗಲು ಗೂಡಿನ ಗೋಡೆ ಇತ್ತು.

ಮಡಿಸಿದಾಗ ಅದು ಅಂಗೈಯಗಲ. ತುಸುವೇ ತೆರೆದ ಬಾಗಿಲ ಸಂದಿಯಲ್ಲಿ ಒಳಗೆ ಹೋಯಿತು. ಬಿದಿರು ಬಿಡಿಸಿಕೊಂಡ ಸದ್ದು ಕೇಳಿಸಿತು.

"ಇದು ನಿಂತಿತು," ಎಂದಳು ಚಾಗಲದೇವಿ. "ಮೂರನೆಯದು. ಅದು ಕರೆಯದೆ ಬರುತ್ತದೆ. ಬೈದರೆ ಹೋಗದು, ಹೊಡೆದರೆ ತಾಗದು. ಅದು ಏನು? ಅದನ್ನು ಕಳಿಸುವುದು ಹೇಗೆ? ಬೇಗ ಹೇಳು. ನಾನಿನ್ನೂ ಕೂತಿಲ್ಲ. ತೊಗಲು ತಗ್ಗುತ್ತಿದೆ."

ಬಾಗಿಲಾಚೆ ತೊಗಲು ಕಿರಕಿರ ಎಂದದ್ದು ದುರುಗನಿಗೂ ಕೇಳಿಸಿತು. ಆ ಗೂಡಿನಲ್ಲಿ ಒಬ್ಬರಿಗಷ್ಟೇ ಜಾಗ. ಅವನ ಕಣ್ಣಿಗೆ ಅಜ್ಜಿ ಬಂದಳು, ಉಂಡು ಎದ್ದ ಕೂಡಲೇ ಮಣೆಯನ್ನು ಗಾಡಿಯ ಗೋಡೆಗೆ ಒರಗಿಸುವ ಅಜ್ಜಿ.

"ಅದು ಬಿಟ್ಟ ಜಾಗ, ದೊರೆಸಾನಿ! ಹೋದವರಿಗೆ ಅಂತ ಜಾಗ ಬಿಟ್ಟರ ಯಾರೋ ಬಂದು ಕೂರ್ತಾರ. ಉಂಡ ಮಣಿ ನಾವು ಕೆಳಗ ಬಿಡೂದಿಲ್ಲ. ಆಟ ಮುಗಿದ ಗೊಂಬಿ ಪರದಿ ಮ್ಯಾಲೆ ಬಿಡೂದಿಲ್ಲ. ಅದನ್ನ ಎಬ್ಬಿಸಬ್ಯಾಡ್ರಿ. ಪೀಠ ಮಡಿಸ್ರಿ!"

ಟಪ್ ಎಂದು ಬಿದಿರಿಗೆ ಬಿದಿರು ಬಡಿಯಿತು. ಮೆಟ್ಟಿಲುಗಳಲ್ಲಿ ತಣ್ಣನೆಯ ಗಾಳಿ ಅವನನ್ನು ಸವರಿಕೊಂಡು ಇಳಿದುಹೋಯಿತು.

"ಹೋಯಿತು," ಎಂದಳು ಅವಳು. ಪೀಠ ಮತ್ತೆ ಬಿಡಿಸಿಕೊಂಡಿತು, ಈ ಸಲ ಭಾರಕ್ಕೆ ಒಮ್ಮೆಲೇ ಬಿಗಿಯಿತು. ಒಳಗೆ ಅರಸುಕುಮಾರಿ ಕೂತು ಅಳುತ್ತಿದ್ದಳು.

ಅಂದೇ ಸಂಜೆ, ಶಾಸ್ತ್ರಿಯನ್ನು ಕೂರಿಸುವ ಮೊದಲೇ, ರಾಣಿಯ ಪೀಠವನ್ನು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದರು. ಶಾಸ್ತ್ರಿಯೂ ಅರಸುಮಗನೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಅರಸ ಮಾತ್ರ ಆ ಪೀಠದತ್ತ ನೋಡಲಿಲ್ಲ.

ದುರುಗ ಅರ್ಧ ರಾಜ್ಯ ಒಲ್ಲೆನೆಂದ. ಉದ್ದನೆಯ ಒಂದು ಕೋಣೆ ಸಿಕ್ಕಿತು. ಪಾರವ್ವ ಎಣ್ಣೆ ತಿಕ್ಕಿಸಿಕೊಂಡು ದಿನಕ್ಕಿಷ್ಟು ಕಾಲು ಚಾಚುತ್ತಾ, "ಇಷ್ಟು ದೊಡ್ಡ ಕೋಣ್ಯಾಗ ನಿದ್ದಿ ಹೆಂಗ ಬರ್ತದೋ!" ಎಂದು ಗೊಣಗುತ್ತಾ, ಗೊರಕೆ ಹೊಡೆದಳು.

ಅರಮನೆಯ ಹಳೆಯ ಪೀಠಗಳೆಲ್ಲ ಒಲೆಗೆ ಹೋದವು. ಎಲ್ಲರಿಗೂ ದುರುಗನೇ ಮಡಿಸುವ ಪೀಠ ಮಾಡಿಕೊಟ್ಟ. ಎದ್ದವರು ಮಡಿಸಿ ಗೋಡೆಗೆ ಒರಗಿಸಬೇಕು, ಅದೇ ಕಟ್ಟಳೆ. ಎಲ್ಲ ಮುಗಿದ ಮೇಲೆ ಅರಸ ಒಬ್ಬನೇ ಬಂದು ದುರುಗನ ಬಾಗಿಲಲ್ಲಿ ನಿಂತ.

"ಇನ್ನೊಂದು ಮಾಡು."

"ಯಾರಿಗ್ರಿ, ದೊರೆ?"

ಅರಸ ಕೈಯಲ್ಲಿದ್ದ ಹೂವನ್ನು ಶಲ್ಯದಡಿ ಮುಚ್ಚಿಕೊಂಡ. ದುರುಗ ಮಾಡಿಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ ದುರುಗ ಪೀಠಗಳನ್ನು ಎಣಿಸಿದ. ಮಾಡಿದ್ದು ಹದಿನೇಳು. ಗೋಡೆಗೆ ಒರಗಿದ್ದು ಹದಿನಾರು.