ಹಸು ಮೇಲಿನ ಮುಂಬಲ್ಲು ಬಿಟ್ಟುಕೊಟ್ಟದ್ದು

ಲೋಕ ಇನ್ನೂ ಹೊಸದಾಗಿತ್ತು, ಪುಟ್ಟಿ. ಬೆಟ್ಟ, ಹಳ್ಳ ಎಲ್ಲ ಮಾತಾಡುತ್ತಿದ್ದವು. ಹಸುಗಳಿಗೆ ಮೇಲೂ ಕೆಳಗೂ ಗಟ್ಟಿ ಮುಂಬಲ್ಲು ಇದ್ದವು.

ಆಗಿನ ಜನ ಕಬ್ಬಿಣದ ಅದಿರಿಗಾಗಿ ಒಂದು ಕೆಂಪು ಬೆಟ್ಟವನ್ನು ಅಗೆದರು. ಅಗೆದರು, ಅಗೆದರು, ಬೆಟ್ಟದ ಹೊಟ್ಟೆ ಬರಿದಾಗುವ ತನಕ ಅಗೆದರು. ಮಳೆ ಬಿದ್ದರೆ ಕೆಂಪು ಕೆಸರೆಲ್ಲ ಹಳ್ಳಕ್ಕೆ.

"ಉಸಿರು ಕಟ್ಟುತ್ತಿದೆ, ಯಾರಾದರೂ ಬನ್ನಿ!" ಎಂದು ಹಳ್ಳ ಕೂಗಿತು.

ದುರುಗವ್ವ ಎಂಬ ಹೆಂಗಸಿಗೆ ಅದು ಕೇಳಿಸಿತು. ಅವಳು ಊರವರನ್ನು ಸೇರಿಸಿ ಗುಂಡಿ ಮುಚ್ಚಿಸಿದಳು. ಮೇಲೆ ಒಳ್ಳೆಯ ಮಣ್ಣು ಹರಡಿ ಹುಲ್ಲಿನ ಬೀಜ ಚೆಲ್ಲಿದಳು. ಮೂರು ಮಳೆಗಾಲ ಕಳೆದ ಮೇಲೆ ಬೆಟ್ಟ ಹಸಿರಾಯಿತು.

ಅಲ್ಲಿಗೆ ಕೆಂದಿ ಎಂಬ ಹಸು ಕರುವಿನೊಂದಿಗೆ ಬಂತು. ಹಸಿದ ಹಸು. ಹುಲ್ಲು ಕಚ್ಚಿ ಎಳೆದರೆ ಬೇರು ಸಮೇತ ಕಿತ್ತು ಬರುತ್ತಿತ್ತು.

"ಅಯ್ಯೋ! ಈಗಷ್ಟೇ ಬಂದ ಚರ್ಮ ಕಣೇ, ಕೀಳಬೇಡ!" ಎಂದಿತು ಬೆಟ್ಟ.

ಊರವರು ಕೋಲು ಹಿಡಿದು ಓಡಿಬಂದರು. "ಓಡಿಸಿ ಇದನ್ನ!"

"ತಡೀರಿ," ಎಂದಳು ದುರುಗವ್ವ. "ಹಸುವಿನಿಂದ ಕೆಡುಕೋ ಒಳಿತೋ, ಅಳೆದು ನೋಡೋಣ. ಸುಮ್ಮನೆ ಬೈಯೋದು ಬೇಡ."

ಅವಳು ಮುಳ್ಳಿನ ಬೇಲಿ ಹಾಕಿ ಮೂರು ತುಂಡು ನೆಲ ಮಾಡಿದಳು. ಒಂದಕ್ಕೆ ಹಸುವನ್ನು ಬಿಡಲೇ ಇಲ್ಲ. ಇನ್ನೊಂದರಲ್ಲಿ ಅದರ ಮನಸ್ಸಿಗೆ ಬಂದಂತೆ ಮೇಯಲು ಬಿಟ್ಟಳು. ಮೂರನೆಯದರಲ್ಲಿ ತಾನೇ ಹಗ್ಗ ಹಿಡಿದು, ತುದಿ ಮೇಯಿಸಿ ಮುಂದಕ್ಕೆ ನಡೆಸಿದಳು.

ಮಳೆಗಾಲ ಮುಗಿಯಿತು. ದುರುಗವ್ವ ಮೊಣಕಾಲೂರಿ ಗೇಣು ಹಾಕಿದಳು, ಒಂದೊಂದೇ ಬುಡ ಎಣಿಸಿದಳು. ಹಸು ಕಾಲಿಡದ ಕಡೆ ಹುಲ್ಲು ಎತ್ತರ ಬೆಳೆದು, ಒಣಗಿ ಮಲಗಿತ್ತು. ಅಡಿಯ ಎಳೆ ಸಸಿಗಳಿಗೆ ಬಿಸಿಲೇ ಸಿಕ್ಕಿರಲಿಲ್ಲ. ಮನಸ್ಸಿಗೆ ಬಂದಂತೆ ಮೇಯ್ದ ಕಡೆ ಬರೀ ಕೆಂಪು ನೆಲ. ಮೂರನೆಯ ಕಡೆ?

"ಇಲ್ಲಿ ಬನ್ನಿ, ನೀವೇ ಎಣಿಸಿ!" ಎಂದು ಕೂಗಿದಳು.

ಗೊರಸು ತುಳಿದಲ್ಲಿ ಬೀಜ ಮಣ್ಣಿಗಿಳಿದಿತ್ತು. ಸಗಣಿ ಬಿದ್ದಲ್ಲಿ ಚಿಗುರು ಒತ್ತೊತ್ತಾಗಿ ಎದ್ದಿತ್ತು. ಊರವರು ಕೋಲು ಕೆಳಗಿಟ್ಟರು.

ಆದರೆ ಕೆಂದಿ ತಲೆ ತಗ್ಗಿಸಿ ನಿಂತಿತ್ತು. "ದುರುಗವ್ವಾ, ಹಸಿವಾದಾಗ ಈ ಹಲ್ಲು ನನ್ನ ಮಾತು ಕೇಳೋದಿಲ್ಲ. ನೀನು ಎಷ್ಟು ದಿನ ಹಗ್ಗ ಹಿಡೀತೀಯ? ನಾಳೆ ನನ್ನ ಕರುವಿಗೂ ಹುಲ್ಲು ಬೇಕಲ್ಲ." ಆಮೇಲೆ ಬೆಟ್ಟದ ಕಡೆ ತಿರುಗಿತು. "ನನ್ನ ಮೇಲಿನ ಮುಂಬಲ್ಲು ನೀನು ತಗೋ."

"ಆಮೇಲೆ ಬೇಗ ಬೇಗ ತಿನ್ನೋಕಾಗಲ್ಲ ಕಣೇ," ಎಂದಿತು ಬೆಟ್ಟ.

"ಆಗದಿದ್ದರೆ ಬೇಡ. ನುಂಗಿಟ್ಟುಕೊಂಡು, ನೆರಳಲ್ಲಿ ಕೂತು ನಿಧಾನವಾಗಿ ಅಗೀತೀನಿ."

ಬೆಟ್ಟ ಒಲ್ಲದ ಮನಸ್ಸಿನಿಂದಲೇ ಹಲ್ಲು ತೆಗೆದುಕೊಂಡಿತು. ಕೆಂದಿ ನಾಲಿಗೆ ಚಾಚಿ ಹುಲ್ಲನ್ನು ಸುತ್ತಿ ಎಳೆಯಿತು. ತುದಿ ಬಾಯಿಗೆ ಬಂತು. ಬೇರು ನೆಲದಲ್ಲೇ ಉಳಿಯಿತು. ಕರು ಕುಣಿಯಿತು.

ಅದಕ್ಕೇ ಪುಟ್ಟಿ, ಇವತ್ತಿಗೂ ಹಸುವಿನ ಬಾಯಲ್ಲಿ ಮೇಲೆ ಮುಂಬಲ್ಲಿಲ್ಲ. ಮೇಯ್ದು ಬಂದು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತದೆ, ಅದು ಮೇಯ್ದ ಜಾಗದಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ.