ಮಾವಯ್ಯನ ಕಟ್ಟೆ

ಹರಳುಕೋಟೆಯ ಹಳೇಪೇಟೆಗೆ ಬಂದವರು ಮಾವಯ್ಯನ ಕಟ್ಟೆಯ ಬಳಿ ಮೊದಲು ಹುಡುಕುವುದು ಮಾವಿನ ಮರವನ್ನು. ಅಲ್ಲಿರುವುದು ಬೇವು. ಹಿಂದೆ ಮಾವಿತ್ತು, ಸಿಡಿಲು ಬಡಿಯಿತು ಎಂದು ಅಂಗಡಿಯವರು ಹೇಳಿಬಿಡುತ್ತಾರೆ, ನಂಬಬೇಡಿ. ಕಟ್ಟೆಯ ಒಡೆಯರಾದ ಶೆಟ್ಟರ ಮನೆಯವರು ಒಪ್ಪಿಸುವ ವಂಶಾವಳಿಯನ್ನೂ ನಾನು ಸುಲಭಕ್ಕೆ ನಂಬಿದವನಲ್ಲ. ಎಲ್ಲೂ ತೊಡಕಿಲ್ಲದ ವಂಶಾವಳಿ ಕಂಡರೆ ಯಾರೋ ಕೈಯಾಡಿಸಿದ್ದಾರೆಂದೇ ನನಗೆ ಗುಮಾನಿ. ಅದಕ್ಕೇ ಮಠದಲ್ಲಿರುವ ಪೇಟೆಯ ಹಳೆಯ ಕಡತವನ್ನು ಬಿಚ್ಚಿಸಿ ನೋಡಿದೆ. ಕಡತವೆಂದರೆ ಇದ್ದಿಲು, ಹುಣಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆ, ಬರಹ ಬಳಪದ್ದು. ಒದ್ದೆ ಕೈ ಆಡಿಸಿದರೆ ಎಂಥ ಮನೆತನವೂ ಅಳಿಸಿಹೋಗುತ್ತದೆ. ಸಂಕಣ್ಣ ಶೆಟ್ಟಿಯ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಇಂದಿಗೂ ಬರಿದಾಗಿದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕಟ್ಟೆಯ ಮೇಲೆ ಕುಳಿತವನೇ ಪೇಟೆಯ ಯಜಮಾನನಂತೆ. ಸಂಕಣ್ಣ ಶೆಟ್ಟಿಯ ತರುವಾಯ ಅವನ ಮಗ ಕುಳಿತ. ಆ ಮಗ ವ್ಯಾಪಾರದ ದಾರಿಯಲ್ಲಿ ಜ್ವರ ಬಂದು ತೀರಿಕೊಂಡಾಗ ಹೆಂಡತಿ ಪರ್ವತವ್ವನ ಕಂಕುಳಲ್ಲಿ ಎಳೆಗೂಸಿತ್ತು. ಕೂಸಿಗೆ ಅಜ್ಜನ ಹೆಸರೇ, ಸಂಕಣ್ಣ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಅವಳು ಮಗನನ್ನೇ ‘ಮಾವಯ್ಯ’ ಎಂದು ಕರೆಯುತ್ತಿದ್ದಳು ಎನ್ನುತ್ತಾರೆ. ಹಳೆಯ ಸಂಕಣ್ಣನ ತಮ್ಮನ ಮಗ ತೋಪಣ್ಣನಿಗೆ ಕಟ್ಟೆಯ ಮೇಲೆ ಕಣ್ಣು. ದೊಡ್ಡಪ್ಪನಿಗೆ ಮಗನೇ ಇರಲಿಲ್ಲವೆಂದಾದರೆ ಯಜಮಾನಿಕೆ ತನ್ನದೆಂದು, ಶಾನುಭೋಗನನ್ನು ಕೈವಶ ಮಾಡಿಕೊಂಡು, ಕಡತದಲ್ಲಿ ಆ ಮಗನ ಸಾಲನ್ನು ಒರೆಸಿಸಿದ.

ಪಾಳೆಯಗಾರನ ಪಾರುಪತ್ಯಗಾರ ಕಟ್ಟೆಯ ಮುಂದೆ ನ್ಯಾಯ ಸೇರಿಸಿದ. “ನಮ್ಮನೆಯವ್ರು ಇಲ್ಲಿ ಕೂತಿದ್ದು ಊರಿಗೇ ಗೊತ್ತಲ್ಲ ಬುದ್ಧಿ” ಎಂದಳು ಪರ್ವತವ್ವ. “ಊರ ಮಾತು ಯಾಕೆ? ಪೇಟೇಲಿ ಕಡತದ ಮಾತೇ ಮಾತು” ಎಂದು ತೋಪಣ್ಣ ಅವಳ ಬಾಯಿ ಮುಚ್ಚಿಸಿದ. ಪಾರುಪತ್ಯಗಾರ ಒಪ್ಪಿ ಕಡತ ಓದಿಸಿದ. ಓದುತ್ತ ಓದುತ್ತ ಶಾನುಭೋಗ ತೊದಲಿದ. ಒರೆಸುವ ಮೊದಲು ಅಲ್ಲಿ ‘ಸಂಕಣ್ಣ ಶೆಟ್ಟಿ ಕಾಲವಾಗಿ ಅವನ ಮಗ ಕಟ್ಟೆಯೇರಿದನು’ ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ಮಗನನ್ನು ಒರೆಸುವ ಆತುರದಲ್ಲಿ ಅಪ್ಪನ ಸಾವನ್ನೂ ಒರೆಸಿದ್ದರು. ಕಡತದ ಪ್ರಕಾರ ಸಂಕಣ್ಣ ಶೆಟ್ಟಿ ಇನ್ನೂ ಬದುಕಿದ್ದ! “ಸತ್ತು ಮಣ್ಣಾಗವ್ನೆ ಬುದ್ಧಿ, ಊರಿಗೇ ಗೊತ್ತು” ಎಂದು ತೋಪಣ್ಣ ಕೂಗಿಕೊಂಡ. “ಊರ ಮಾತು ಬ್ಯಾಡ ಅಂದೋನು ನೀನೇ. ಎಲ್ಲವ್ನೆ ಸಂಕಣ್ಣ?” ಎಂದ ಪಾರುಪತ್ಯಗಾರ. ಪರ್ವತವ್ವ ಕೂಸನ್ನು ಕಟ್ಟೆಯ ಮೇಲೆ ಕೂರಿಸಿ, “ಇವ್ರೇ ನಮ್ಮ ಮಾವಯ್ಯ” ಎಂದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪೇಟೆಗೆ ಪೇಟೆಯೇ ನಕ್ಕಿತು; ಯಜಮಾನಿಕೆ ಕೂಸಿಗೇ ಉಳಿಯಿತು.

ಆದರೆ ಗಂಡನ ಸಾಲನ್ನು ಮತ್ತೆ ಬರೆಸಲು ಅವಳಿಗೆ ಆಗಲೇ ಇಲ್ಲ. ಬರೆಸಿದರೆ ಮಾವ ಸತ್ತದ್ದೂ ಕಡತಕ್ಕೆ ಬರುತ್ತದೆ, ತೋಪಣ್ಣ ಮತ್ತೆ ತಕರಾರು ತೆಗೆಯುತ್ತಾನೆ. ಮಗನಿಗಾಗಿ ಗಂಡನನ್ನು ಅಳಿಸಿದಂತೆಯೇ ಬಿಟ್ಟಳಲ್ಲ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಟ್ಟೆಯ ಅಂಚಿನ ಕಲ್ಲಿನಲ್ಲಿ ಈಗಲೂ ‘ಸಂಕಣ್ಣ ಶೆಟ್ಟಿ’, ಅದರ ಕೆಳಗೆ ‘ನಂಜಣ್ಣ ಶೆಟ್ಟಿ’ ಎಂಬ ಹೆಸರುಗಳು ಕಾಣುತ್ತವೆ. ನೋಡುವವರು ಅಪ್ಪ, ಮಗ ಎಂದು ಓದಿಕೊಂಡು ಹೋಗುತ್ತಾರೆ. ಆ ನಂಜಣ್ಣ, ಕಂಕುಳ ಕೂಸು ಬೆಳೆದು ಮದುವೆಯಾದ ಮೇಲೆ ಹುಟ್ಟಿದವನು, ಪರ್ವತವ್ವನ ಮೊಮ್ಮಗ. ಅವನಿಗೂ ಅಜ್ಜನ, ಅಂದರೆ ಪರ್ವತವ್ವನ ಗಂಡನ ಹೆಸರನ್ನೇ ಇಟ್ಟಿದ್ದರು. ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡದ ಮುದುಕಿ, ಕಲ್ಲುಕುಟಿಗನ ಪಕ್ಕದಲ್ಲೇ ಕುಳಿತು ಆಳವಾಗಿ ಕೆತ್ತಿಸಿದಳಂತೆ.